ಚಂಡಮಾರುತಕ್ಕೆ ಸಾಕ್ಷಿ

ಗಾಳಿ ಎಲ್ಲ ಊರಲ್ಲೂ ಬೀಸುತ್ತದೆ. ಅದನ್ನು ಏನೆಂದು ಕರೆಯಬೇಕು ಎಂಬ ತಕರಾರು ಮಾತ್ರ ಸರಕಾರಿ ಕಚೇರಿಯಲ್ಲಿ ವರ್ಷವರ್ಷವೂ ಹುಟ್ಟುತ್ತದೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಹಳಿಯಾಳದ ಕಡೆ ಅಂಥದೊಂದು ಕಚೇರಿಯಲ್ಲಿ ನಾನು ಗುಮಾಸ್ತ. ಬಿ.ಎ. ಓದಿದ್ದೆ, ಅದರಿಂದ ಗಾಳಿಗೇನೂ ವ್ಯತ್ಯಾಸವಾಗಲಿಲ್ಲ.

೧. ಫಿಟ್ಟರನ ತುಫಾನ

ದಾಂಡೇಲಿಯಲ್ಲಿ ನನ್ನ ಬಿಡಾರದ ಪಕ್ಕ ಧಾರವಾಡ ಕಡೆಯ ಫಿಟ್ಟರೊಬ್ಬ ಇದ್ದ. ಅವನಿಗೆ ಎಲ್ಲವೂ ತುಫಾನ: ಖಾರದ ಚಟ್ನಿ, ಹುಬ್ಬಳ್ಳಿ ಬಸ್ಸು, ಗಿರಣಿಯಲ್ಲಿ ಮೇಲುಸ್ತುವಾರಿಗೆ ಬಂದ ಹೊಸ ಮುಕಾದಮ. ಒಂದು ಮಧ್ಯಾಹ್ನ ನಿಜವಾದ ಗಾಳಿ ಎದ್ದು, ನಮ್ಮೆದುರಿನ ಮಾವಿನ ಮರವನ್ನೇ ಬುಡಮೇಲು ಮಾಡಿತು.

"ಇದಕ್ಕೇನಂತೀರಿ?" ಎಂದೆ.

ಮರಕ್ಕೆ ಒಂದು ಸುತ್ತು ಹಾಕಿ ಬಂದ. "ಗಾಳಿ ಸ್ವಲ್ಪ ಜೋರಿತ್ತು ಬಿಡ್ರಿ."

೨. ಸಮುದ್ರದ ಹಾದಿ

ಚಂಡಮಾರುತಕ್ಕೆ ಮಾಡು ಹಾರಿದರೆ ಸರಕಾರದ ಹೆಂಚು. ಬರೀ ಗಾಳಿಗಾದರೆ ಇಲ್ಲ. ಇದು ನಿಯಮ. ನಮ್ಮ ಸಾಹೇಬರು ಕರಾವಳಿಯವರು. ಸಮುದ್ರದಲ್ಲಿ ಏಳದ್ದು ಅವರ ಲೆಕ್ಕದಲ್ಲಿ ಚಂಡಮಾರುತವೇ ಅಲ್ಲ. ಮಾಡು ಹಾರಿತೆಂದು ಮೌಳಂಗಿಯ ರೈತನೊಬ್ಬ ಅರ್ಜಿ ತಂದ.

"ನಿಮ್ಮೂರಲ್ಲಿ ಸಮುದ್ರ ಎಲ್ಲಿದೆ?" ಎಂದರು ಸಾಹೇಬರು.

"ಸಮುದ್ರ ಇಲ್ರಿ. ಹೊಳಿ ಐತಿ."

"ಹೊಳೆ ಸಾಲದು."

"ಆ ಹೊಳೀನ ಹೋಗಿ ಸಮುದ್ರ ಕೂಡತೈತ್ರಿ. ಗಾಳಿ ಅದ ಹಾದ್ಯಾಗ ಬಂದಿರಬೇಕು."

ಅರ್ಜಿ ವಜಾ ಆಯಿತು. ಆದರೆ ಅವನು ಹೋದ ಮೇಲೆ ಸಾಹೇಬರು ಗೋಡೆಯ ನಕಾಶೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು.

೩. ಹೆಬ್ಬೆಟ್ಟು

ಕಾಡಂಚಿನ ಹಳ್ಳಿಯೊಂದರಲ್ಲಿ ಸಿದ್ದಿ ಮುದುಕಿಯ ಮನೆಯ ಮಾಡು ಹಾರಿತ್ತು. ಮುಂಗಾರಿನ ಮಿರಗದ ಮಳೆಗೆ ಎಂಟೇ ದಿನ ಉಳಿದಿತ್ತು. ಒಳಗೆ ಬಾಣಂತಿ ಮಗಳು, ಕೂಸು. ಸಾಹೇಬರು ಜೀಪಿನಲ್ಲಿ ಬಂದು ನೋಡಿ, "ಇದು ಬರೀ ಗಾಳಿ. ಹೆಂಚು ಸಿಗೋದಿಲ್ಲ" ಎಂದರು.

ಅಷ್ಟರಲ್ಲಿ ಮತ್ತೊಂದು ಗಾಳಿ ಎದ್ದು, ಜೀಪಿನ ಕ್ಯಾನ್ವಾಸ್ ಹೊದಿಕೆಯನ್ನು ಕಿತ್ತು ಕಾಡಿನ ಮೇಲೆ ಒಯ್ದಿತು. ಎಷ್ಟು ಹುಡುಕಿದರೂ ಸಿಗಲಿಲ್ಲ. ಸರಕಾರಿ ಸಾಮಾನು, ವರದಿ ಕೊಡಲೇಬೇಕು. ಬರೀ ಗಾಳಿಗೆ ಹಾರಿತೆಂದರೆ ಸರಿಯಾಗಿ ಕಟ್ಟದ ತಪ್ಪು ಸಾಹೇಬರ ತಲೆಗೆ.

"ಬರೆಯಿರಿ," ಎಂದರು. "ಭೀಕರ ಚಂಡಮಾರುತ."

ಬರೆದೆ. ಪದವಿಗೊಂದು ಉಪಯೋಗ.

ಊರಿನವರೊಬ್ಬರ ಸಾಕ್ಷಿಯೂ ಬೇಕು. ಉಳಿದವರೆಲ್ಲ ಬಿದಿರು ಕಡಿಯಲು ಹೋಗಿದ್ದರು; ಹೊದಿಕೆ ಹಾರಿದ್ದನ್ನು ಕಂಡವಳು ಮುದುಕಿಯೊಬ್ಬಳೇ. ಸಾಹೇಬರು ಮಸಿಡಬ್ಬಿಯನ್ನು ಮುದುಕಿಯತ್ತ ಚಾಚಿದರು.

"ಅಜ್ಜಿ, ಹೆಬ್ಬೆಟ್ಟು ಒತ್ತು. ಚಂಡಮಾರುತ ಬಂತು, ನೀನು ನೋಡಿದೆ."

ಮುದುಕಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಯಾವಾಗ ಬಂತ್ರಿ?"

"ಈಗಷ್ಟೇ!"

"ಹೌದೇನ್ರಿ? ವಯಸ್ಸಾಗೈತಿ ಸಾಹೇಬ್ರ. ಮಾಡಿಲ್ಲದ ಮನ್ಯಾಗ ನನಗ ಏನೂ ನೆನಪಿರೂದಿಲ್ಲ."

ನಾಲ್ಕನೆಯ ದಿನ ಹೆಂಚಿನ ಗಾಡಿ ಬಂತು. ಹಿಂದೆಯೇ ಸಾಹೇಬರು, ಕಾಗದ ಹಿಡಿದು. ಕೊನೆಯ ಹೆಂಚು ಕೂರುವ ತನಕ ಮುದುಕಿ ಅವರನ್ನು ಕಾಯಿಸಿದಳು. ಆಮೇಲೆ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿ ಒರೆಸಿಕೊಳ್ಳುತ್ತ ಕೇಳಿದಳು:

"ದನದ ಕೊಟ್ಟಿಗಿಗೆ ಇನ್ನೂ ಮಾಡಿಲ್ರಿ ಸಾಹೇಬ್ರ. ಜೀಪಿಂದು ಮತ್ತೇನರ ಹಾರೈತೇನ್ರಿ?"