ತಾತ ಎದ್ದು ಬರುವ ರೀಲು

ಸಿನಿಮಾಗಳು ಇನ್ನೂ ತಗಡಿನ ಡಬ್ಬಿಗಳಲ್ಲಿ ಕೂತು ಊರಿಂದೂರಿಗೆ ಪಯಣ ಹೋಗುತ್ತಿದ್ದ ಕಾಲದಲ್ಲಿ, ಒಂದು ಹಳೇ ಟಾಕೀಸಿನ ಮೇಲುಗಡೆ ಒಬ್ಬ ಆಪರೇಟರ್ ಇದ್ದ. ಅವನ ಪ್ರೊಜೆಕ್ಟರಿನ ಬೆಳಕು ಸೂರ್ಯನಿಗೆ ತಮ್ಮ. ಅವನ ಅದೃಷ್ಟ ಮಾತ್ರ ಕತ್ತಲೆಗೆ ಅಣ್ಣ. ಒಮ್ಮೆ ರೀಲುಗಳು ಹಿಂದುಮುಂದಾಗಿ, ನಾಯಕ ಸತ್ತ ಮೇಲೆ ಅವನ ಮದುವೆ ಮಾಡಿಸಿದ್ದ. ಇನ್ನೊಮ್ಮೆ ಕೊಲೆಗಾರನನ್ನು ಕೊಲೆಗೆ ಮೊದಲೇ ಜೈಲಿಗೆ ಕಳಿಸಿದ್ದ.

"ಎರಡಾಯ್ತು," ಎಂದು ಮ್ಯಾನೇಜರ್ ಬೆರಳು ಮಡಚಿದ್ದರು. "ಮೂರನೇದು ಆದ ದಿನ ನೀನು ಈ ಮೆಟ್ಟಿಲು ಹತ್ತೋದು ಬೇಡ ಕಣಯ್ಯಾ."

ಆಪರೇಟರನಿಗೆ ಆ ಕ್ಯಾಬಿನ್ನೇ ಲೋಕ. ಸಮುದ್ರ, ಹಿಮ, ಮರಳುಗಾಡು ಎಲ್ಲವನ್ನೂ ಇಪ್ಪತ್ತು ವರ್ಷದಿಂದ ಅವನು ಅದರ ಗೋಡೆಯ ಅಂಗೈಯಗಲದ ಕಿಂಡಿಯಲ್ಲೇ ಕಂಡಿದ್ದ.

ಆ ಭಾನುವಾರ ಬೆಳಗ್ಗೆ ಹತ್ತಕ್ಕೆ ಫಿಲ್ಮ್ ಸೊಸೈಟಿಯವರಿಗೆ ಒಂದು ಆಟ, ಮಧ್ಯಾಹ್ನ ಎರಡಕ್ಕೆ ಎಲ್ಲರಿಗೂ ಇನ್ನೊಂದು. ಬಂದದ್ದು ಸ್ಪ್ಯಾನಿಷ್ ಚಿತ್ರ, ಐದು ಡಬ್ಬಿ. ಡಬ್ಬಿಗಳ ಮೇಲೆ ಬೆರಳುದ್ದ ಧೂಳು. ಇವತ್ತಾದರೂ ಎಲ್ಲ ಚೊಕ್ಕಟವಾಗಿರಲಿ ಎಂದು ಆಪರೇಟರ್ ಒದ್ದೆ ಬಟ್ಟೆ ಹಿಡಿದು ಒಂದೊಂದನ್ನೂ ತಿಕ್ಕಿ ತಿಕ್ಕಿ ಒರೆಸಿದ. ಡಬ್ಬಿಗಳು ಹೊಸ ಪಾತ್ರೆಯಂತೆ ಹೊಳೆದವು. ಒಂದು, ಎರಡು ಎಂದು ಬರೆದು ಅಂಟಿಸಿದ್ದ ಚೀಟಿಗಳು ಬಟ್ಟೆಯಲ್ಲಿ ಮುದ್ದೆಯಾಗಿದ್ದವು. ರೀಲಿನ ತುದಿಯ ಅಂಕಿಗಳನ್ನೋ, ಯಾವ ಊರಿನ ಪುಣ್ಯಾತ್ಮನೋ ಎಂದೋ ಕತ್ತರಿಸಿದ್ದ.

ಆಪರೇಟರ್ ತಲೆಯ ಮೇಲೆ ಕೈ ಹೊತ್ತು ಕೂತ. ಜೊತೆಗೆ ಬಂದಿದ್ದ ಅವನ ಏಳು ವರ್ಷದ ಮಗಳು ಬುಗುರಿ ಒಂದೊಂದೇ ರೀಲಿನ ತುದಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ನಿಂತಲ್ಲಿ ನಿಲ್ಲದೆ ಸುತ್ತುವವಳಾದ್ದರಿಂದ ಅವಳಿಗೆ ಆ ಹೆಸರು. ಈಗ ಮಾತ್ರ ಅಲ್ಲಾಡದೆ ನಿಂತಿದ್ದಳು.

"ಅಪ್ಪಾ, ಇದ್ರಲ್ಲಿ ಒಬ್ಬ ತಾತ ಮಲಗಿದಾರೆ. ಇದ್ರಲ್ಲಿ ನಡ್ಕೊಂಡು ಬರ್ತಿದಾರೆ."

"ಹೂಂ. ಯಾವುದು ಮೊದಲು?"

"ಇಷ್ಟೂ ಗೊತ್ತಾಗಲ್ವಾ ನಿಂಗೆ? ಮಲಗಿದವರು ತಾನೆ ಏಳೋದು? ಮಲಗಿರೋದು ಮೊದಲು, ನಡೆಯೋದು ಕೊನೆಗೆ."

ಆಪರೇಟರನಿಗೆ ಇದರಲ್ಲಿ ಲೋಪ ಕಾಣಲಿಲ್ಲ. ಮಗಳು ಐದನ್ನೂ ಜೋಡಿಸಿಕೊಟ್ಟಳು. ಅದಕ್ಕೆ ಪ್ರತಿಯಾಗಿ ಒಂದು ಮಾತು ತೆಗೆದುಕೊಂಡಳು: ಸೊಸೈಟಿಯ ಆಟಕ್ಕೆ ಮಕ್ಕಳನ್ನು ಬಿಡುವುದಿಲ್ಲ, ಸರಿ, ಎರಡು ಗಂಟೆಯ ಆಟದಲ್ಲಿ ತಾತ ಎದ್ದು ಬರುವುದನ್ನು ಅವಳಿಗೆ ತೋರಿಸಲೇಬೇಕು.

"ಖಂಡಿತ ತೋರಿಸ್ತೀನಿ ಕಂದಾ."

ಹತ್ತು ಗಂಟೆಗೆ ಚಿತ್ರ ಶುರುವಾಯಿತು. ಬಟ್ಟಬಯಲಿನಲ್ಲಿ ಒಂದು ಮನೆ, ಅದರಲ್ಲೊಂದು ಪುಟ್ಟ ಹುಡುಗಿ, ಕಣ್ಣು ಮುಚ್ಚಿ ಮಲಗಿದ ಒಬ್ಬ ತಾತ. ಮಾತು ಗಂಟೆಗೊಂದು. ಒಂದು ಕಿಟಕಿಯಂತೂ ತೆರೆಯ ಮೇಲೆ ಬಂದು ಬಾಡಿಗೆಗೆ ಹಿಡಿದವರಂತೆ ಅಲ್ಲೇ ಉಳಿಯಿತು.

"ಆಪರೇಟರ್! ಫಿಲ್ಮು ಸಿಕ್ಕಾಕ್ಕೊಂಡಿದೆ!" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಆ ಕಿಟಕಿಯ ಗಾಜಿನ ಮೇಲೆ ಒಂದು ನೊಣ ಎರಡು ಹೆಜ್ಜೆ ಇಟ್ಟಿತು. ಕೂಗಿದವರು ಕುರ್ಚಿಯಲ್ಲಿ ಕೆಳಗೆ ಜಾರಿದರು.

ಹುಡುಗಿ ತಾತನ ನೆರಳನ್ನು ಬಟ್ಟೆಯಂತೆ ಮಡಚಿ ಪೆಟ್ಟಿಗೆಯಲ್ಲಿಟ್ಟಳು. ನಿಜವಾಗಿ ಮಡಚಲಿಲ್ಲ, ಬರೀ ಕೈಯಲ್ಲಿ ಮಡಚುವಂತೆ ಮಾಡಿದಳು. ಆದರೂ ಪೆಟ್ಟಿಗೆ ಎತ್ತುವಾಗ ಅವಳ ಭುಜ ಭಾರಕ್ಕೆ ವಾಲಿದ್ದನ್ನು ಇಡೀ ಹಾಲ್ ಕಂಡಿತು. ಕೊನೆಯ ರೀಲಿನಲ್ಲಿ, ಬಯಲಿನ ಅಂಚಿನಲ್ಲಿ ಸಾಸಿವೆಯಷ್ಟು ಚುಕ್ಕೆಯೊಂದು ಮೂಡಿತು. ಅದು ಆರು ನಿಮಿಷ ಬೆಳೆಯುತ್ತಾ ಬೆಳೆಯುತ್ತಾ ತಾತನಾಯಿತು. ಉಸಿರಾಟವೂ ಸದ್ದಾದೀತೆಂದು ಜನ ಹೆದರಿ ಕೂತಿದ್ದರು.

ಚಪ್ಪಾಳೆಗೆ ಛಾವಣಿಯ ಪಾರಿವಾಳಗಳು ಎದ್ದು ಹಾರಿದವು.

ಸೊಸೈಟಿಯ ಕಾರ್ಯದರ್ಶಿ ಮ್ಯಾನೇಜರರ ಕೋಣೆಗೆ ನುಗ್ಗಿದರು. "ಸಾವಿನಿಂದ ಶುರು ಮಾಡೋದು ಅಂದ್ರೆ ಸಾಮಾನ್ಯವೇನ್ರೀ? ನಾನು ಮೂರು ಸಲ ನೋಡಿದೀನಿ ಈ ಚಿತ್ರಾನ. ಮೂರು ಸಲವೂ ಇದೇ ಜಾಗದಲ್ಲಿ ಅತ್ತಿದೀನಿ!"

ಹಿಂದೆಯೇ ಬಂದ, ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಸುವ ಮೇಡಂ ಕಣ್ಣೊರೆಸಿಕೊಂಡರು. "ಬೇರೆ ಯಾವುದನ್ನೋ ನೋಡಿರ್ತೀರ. ರೀಲುಗಳು ತಲೆಕೆಳಗಾಗಿವೆ ಸಾರ್. ತಾತ ನಡ್ಕೊಂಡು ಬರೋದು ಮೊದಲನೇದರಲ್ಲಿ. ಕೊನೇದರಲ್ಲಿ ಹೋಗಿಬಿಡ್ತಾರೆ."

"ನಾನೂ ಅದನ್ನೇ ಹೇಳೋಣ ಅಂತ ಬಂದೆ," ಎಂದರು ಕಾರ್ಯದರ್ಶಿ.

ಮೇಡಂ ಕ್ಯಾಬಿನ್ನಿಗೇ ಹತ್ತಿ ಹೋಗಿ, ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಅಂಕಿ ಬರೆದರು. ಹಿಂದೆ ನಿಂತ ಮ್ಯಾನೇಜರರ ಮೂರನೇ ಬೆರಳು ಅರ್ಧಕ್ಕೆ ಬಾಗಿ ನಿಂತಿತು.

"ಜನ ಚಪ್ಪಾಳೆ ತಟ್ಟಿದಾರೆ, ಅದಕ್ಕೆ ಇದನ್ನ ಎರಡೂವರೆ ಅಂತ ಇಟ್ಕೊಳ್ತೀನಿ. ಎರಡು ಗಂಟೆ ಆಟ ಮೇಡಂ ಬರೆದ ಹಾಗೇ ಓಡಬೇಕು. ಒಂದಡಿ ಫಿಲ್ಮು ಹೆಚ್ಚಿಲ್ಲ, ಒಂದಡಿ ಕಡಿಮೆ ಇಲ್ಲ. ತಿಳೀತಾ?"

"ತಿಳೀತು ಸಾರ್," ಎಂದ ಆಪರೇಟರ್. ಮಗಳಿಗೆ ಇದನ್ನು ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಅವಳು ಆಗಲೇ ಮುಂದಿನ ಸಾಲಿನಲ್ಲಿ ಜಾಗ ಹಿಡಿದು, ಕಾಲು ನೆಲ ಮುಟ್ಟದೆ, ಕೂತಾಗಿತ್ತು.

ಎರಡು ಗಂಟೆಗೆ ಹಾಲ್ ಕಿಕ್ಕಿರಿದಿತ್ತು. ಬೆಳಗ್ಗೆ ನೋಡಿದವರು ಅತ್ತಿಗೆ, ಮಾವ, ಪಕ್ಕದ ಮನೆಯವರನ್ನೆಲ್ಲ ಎಳೆದು ತಂದಿದ್ದರು. ಆಪರೇಟರ್ ಸೀಮೆಸುಣ್ಣದ ಅಂಕಿಯಂತೆಯೇ ಒಂದೂ ತಪ್ಪಿಲ್ಲದೆ ಚಿತ್ರ ಓಡಿಸಿದ. ಚುಕ್ಕೆ ತಾತನಾಯಿತು, ತಾತ ಹುಡುಗಿಗೆ ಗಾಳಿಯ ಹೆಸರುಗಳನ್ನು ಕಲಿಸಿದರು, ಆಮೇಲೆ ಒಂದು ಮಧ್ಯಾಹ್ನ ಮಲಗಿದರು. ಹುಡುಗಿ ಕಿಟಕಿ ಮುಚ್ಚಿದಳು. ತೆರೆ ಬೆಳ್ಳಗಾಯಿತು. ದೀಪ ಹತ್ತಿತು.

ಹಾಲ್ ತುಂಬ ಮೂಗು ಸೀಟುವ ಸದ್ದು. ಬುಗುರಿ ಕುರ್ಚಿಯ ಮೇಲೆ ಹತ್ತಿ ನಿಂತಳು.

"ಯಾರೂ ಅಳಬೇಡಿ! ಯಾರೂ ಎದ್ದು ಹೋಗಬೇಡಿ! ಈಗ ನಮ್ಮಪ್ಪ ತಾತನ್ನ ಎಬ್ಬಿಸ್ತಾರೆ. ಮಾತು ಕೊಟ್ಟಿದಾರೆ."

ಎದ್ದವರು ನಿಂತರು. ನಿಂತವರು ತಿರುಗಿದರು. ಇಪ್ಪತ್ತು ವರ್ಷದಲ್ಲಿ ಬೈಯುವುದಕ್ಕಲ್ಲದೆ ಯಾರೂ ಆ ಕಿಂಡಿಯತ್ತ ತಿರುಗಿರಲಿಲ್ಲ. ಈಗ ಮುನ್ನೂರು ಮುಖಗಳು ಸೂರ್ಯಕಾಂತಿ ಹೂಗಳಂತೆ ಅದರತ್ತಲೇ ತಿರುಗಿದ್ದವು. ಒಬ್ಬರೂ ನಗಲಿಲ್ಲ.

"ಕೂತ್ಕೊಳ್ರೀ ಎಲ್ಲ!" ಎಂದು ಸ್ಪ್ಯಾನಿಷ್ ಮೇಡಂ ಗದರಿದರು. "ಮಗು ಹೇಳ್ತಿಲ್ವಾ?"

ಆಪರೇಟರ್ ಕಿಂಡಿಯಿಂದ ಒಮ್ಮೆ ಮಗಳತ್ತ ನೋಡಿದ. ಒಂದನೇ ಡಬ್ಬಿಯ ರೀಲನ್ನು ಮತ್ತೆ ಏರಿಸಿ, ಬಾಗಿಲಿಗೆ ಅಗುಳಿ ಹಾಕಿ, ದೀಪ ಆರಿಸಿದ.

ಮೆಟ್ಟಿಲ ಮೇಲೆ ಧಡಧಡ ಹೆಜ್ಜೆ. "ಏಯ್! ಬಾಗಿಲು ತೆಗಿ! ಒಂದಡಿ ಹೆಚ್ಚಿಲ್ಲ ಅಂದಿದ್ನೋ ಇಲ್ವೋ? ಇಡೀ ರೀಲು ಓಡಿಸ್ತಿದೀಯಲ್ಲೋ!" ಮ್ಯಾನೇಜರ್ ಬಾಗಿಲು ಗುದ್ದಿದರು. ಕೆಳಗೆ ಬಯಲಿನ ಅಂಚಿನಲ್ಲಿ ಚುಕ್ಕೆ ಮೂಡಿತು. ಗುದ್ದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ಚೀಟಿ ಒಳಗೆ ಜಾರಿತು.

ಪ್ರೊಜೆಕ್ಟರಿನ ಬೆಳಕಿಗೆ ಹಿಡಿದು ಆಪರೇಟರ್ ಓದಿದ: "ಮೂರಾಯ್ತು. ನಾಳೆಯಿಂದ ನೀನು ಪೋಸ್ಟರ್ ಅಂಟಿಸೋ ಕೆಲಸಕ್ಕೆ. ಆದರೆ ಈ ರೀಲು ಮುಗಿಯೋವರೆಗೆ ಕೈ ತೆಗೆದೀಯ ಜೋಕೆ. ನಾನು ಕೆಳಗೆ ಹೋಗಿ ಕೂತ್ಕೋತಿದೀನಿ."

ಅವನು ಚೀಟಿಯನ್ನು ಜೇಬಿಗಿಟ್ಟು ಕಿಂಡಿಗೆ ಮುಖವಿಟ್ಟ. ಚುಕ್ಕೆಗೆ ಕೈಕಾಲು ಬಂದವು, ಟೋಪಿ ಬಂತು, ಮುಖ ಬಂತು. ಬಾಗಿಲಲ್ಲಿ ಕಾದಿದ್ದ ಹುಡುಗಿ ಓಡಿದಳು. ಮುಂದಿನ ಸಾಲಿನಲ್ಲಿ ಒಂದು ಪುಟ್ಟ ತಲೆ ಕುರ್ಚಿಯಿಂದ ಮೇಲೆದ್ದಿತು.

ತಾತ ಬಂದರು.