ನಾನು ಬಾಯಿ ಮುಚ್ಚಿಕೊಂಡು ಗಾಡಿ ಮಾರಲು ಹೋದದ್ದು

ಮಾರುವ ವಸ್ತುವಿನ ಐಬು ಮುಚ್ಚಿಡುವುದು ಒಂದು ವಿದ್ಯೆ. ಅದು ನನಗೆ ಬಾರದು. ಇದನ್ನು ನನ್ನ ಸತ್ಯಸಂಧತೆ ಎಂದು ದಯವಿಟ್ಟು ತಿಳಿಯಬೇಡಿ, ರೂಢಿ, ಅಷ್ಟೇ. ಗಜೇಂದ್ರಗಡದಲ್ಲಿ ನಮ್ಮದು ಅಜ್ಜನ ಕಾಲದ ಸೀರೆ ಅಂಗಡಿ. ಸೀರೆ ಮಡಚಿ ಕೊಡುವ ಮೊದಲು ಗಿರಾಕಿಯ ಮುಂದೆ ಪೂರ್ತಿ ಬಿಚ್ಚಿ, “ಇಲ್ಲಿ ನೋಡ್ರಿ ಯವ್ವಾ, ಒಂದು ಎಳಿ ತಪ್ಪೇತಿ. ಬೇಕಂದ್ರ ಒಯ್ರಿ” ಎಂದು ತೋರಿಸಬೇಕೆಂದು ಅಜ್ಜ ಕಲಿಸಿದ್ದ. ಐಬೇ ಇಲ್ಲದ ಸೀರೆ ಸಿಕ್ಕರೆ ನನಗೆ ಕೈಕಾಲೇ ಆಡುವುದಿಲ್ಲ; ಏನಾದರೊಂದು ಸಿಗುವವರೆಗೆ ಬೆಳಕಿಗೆ ಹಿಡಿದು ಹುಡುಕುತ್ತಾ ನಿಲ್ಲುತ್ತೇನೆ.

ಇಂಥ ನಾನು, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಬೆಳಗಾವಿಯ ಗುತ್ತಿಗೆದಾರರೊಬ್ಬರಿಂದ ವಿದೇಶಿ ಕಂಪನಿಯ ಆನೆಯಂಥ ಗಾಡಿಯೊಂದನ್ನು ಕೊಂಡೆ. ಒಳಗೆ ಚರ್ಮದ ಸೀಟು, ತಂಪು ಗಾಳಿ. ಅವ್ವ ಮೊದಲ ದಿನವೇ “ಕಾಲು ಜೋತು ಬಿಟ್ಟು ಕುಂತ್ರ ನನಗ ತುತ್ತು ಇಳಿಯಂಗಿಲ್ಲಪಾ” ಎಂದಳು. ಸರಿ, ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಹಾಕಿ, ನಮ್ಮ ಅಂಗಡಿಯಲ್ಲಿರುವಂತೆಯೇ ಗಾದಿ ಹಾಸಿಸಿ, ಒರಗಲು ಎರಡು ಲೋಡು ಇಟ್ಟು, ಕಿಟಕಿಗಳಿಗೆ ನಮ್ಮ ಪಟ್ಟೇದ ಅಂಚಿನ ಸೀರೆಯದೇ ಪರದೆ ಕಟ್ಟಿಸಿದೆ. ಗಾದಿ ಅಂದ ಮೇಲೆ ಚಪ್ಪಲಿ ಹೊರಗೇ ಬಿಟ್ಟು ಹತ್ತಬೇಕಲ್ಲ! ಒಮ್ಮೆ ಎಂಟು ಜನ ಮಾತಾಡುತ್ತಾ ಆಡುತ್ತಾ ಇಟಗಿಗೆ ಹೊರಟೆವು. ಎಂಟೂ ಜೊತೆ ಚಪ್ಪಲಿ ನಮ್ಮ ಮನೆಯ ಮುಂದೆಯೇ ಉಳಿದಿವೆ ಎಂಬುದು ಭೀಮಾಂಬಿಕೆಯ ಗುಡಿಯ ಮುಂದೆ ಇಳಿಯುವಾಗ ತಿಳಿಯಿತು.

ಆಮೇಲೆ ನನ್ನಾಕೆಗೆ ಮೊಣಕಾಲು ನೋವು ಹಿಡಿಯಿತು. ಆ ಎತ್ತರ ಏರುವುದು ಅವಳಿಂದಾಗದು. ಮಣೆ ಇಟ್ಟೆ, ಸ್ಟೂಲು ಇಟ್ಟೆ. “ನಾ ಏನು ಅಂಬಾರಿ ಏರಾಕ ಹೊಂಟೇನೇನ್ರಿ? ಓಣಿ ಮಂದಿ ಮುಂದಿಂದ ಜಗ್ಗೋದು, ನೀವು ಹಿಂದಿಂದ ನೂಕೋದು! ಸಾಕು” ಎಂದವಳು ಎರಡು ವರ್ಷ ಎಲ್ಲಿಗೂ ಬರಲಿಲ್ಲ. ರೋಣದಲ್ಲಿ ಅವಳ ಸ್ವಂತ ತಂಗಿಯ ಬಸುರಿ ಮಗಳ ಕುಬಸಕ್ಕೆ ನಾನೊಬ್ಬನೇ ಹೋಗಿ, ಹೆಂಗಸರ ನಡುವೆ ಉಡಿ ತುಂಬುವ ಸಾಮಾನು ಹಿಡಿದು ನಿಂತು ಬಂದೆ. ಅವತ್ತೇ ನಿಶ್ಚಯಿಸಿದೆ: ಇದನ್ನು ಮಾರಿ, ಅವಳು ತಾನೇ ಹತ್ತಿ ಇಳಿಯುವಂಥ ಸಣ್ಣ ಕಾರು ತರಬೇಕು.

ನರಗುಂದದಲ್ಲಿ ಹಳೆ ಗಾಡಿ ಮಾರಿಸಿಕೊಡುವ ರಾಜೇಸಾಬ ಒಳಗೆ ಇಣುಕಿ, “ಸಾವಕಾರ್ರ, ಇದು ಗಾಡಿ ಐತೋ ದುಕಾನ ಐತೋ?” ಎಂದ. ಆದರೂ ಒಪ್ಪಿದ. ಮೊದಲ ಗಿರಾಕಿ ಬಂದ ದಿನ ನಾನೂ ಅಲ್ಲಿದ್ದೆ. ರಾಜೇಸಾಬ “ಒಂದು ತಕರಾರಿಲ್ಲದ ಗಾಡಿರಿ” ಎನ್ನುವಷ್ಟರಲ್ಲಿ ನನ್ನ ಕೈ ತಾನಾಗಿಯೇ ಎಡಗಡೆಯ ಬಾಗಿಲಿಗೆ ಹೋಯಿತು. “ಇಲ್ಲಿ ನೋಡ್ರಿ, ಈ ಬಾಗಲಾ ಒಳಗಿಂದ ತೆಗಿಯಾಕ ಬರಂಗಿಲ್ಲ. ಮಳ್ಯಾಗ ವೈಪರು ಒಂದs ಕಡೆ ಆಡತೈತಿ. ಡೀಸೆಲ್ ಕುಡಿಯೋದಂತೂ ಕೇಳಬ್ಯಾಡ್ರಿ...” ಅವನು ಕೇಳಲಿಲ್ಲ, ಹೊರಟೇ ಹೋದ. ಎರಡನೆಯವನೂ ಮೂರನೆಯವನೂ ಹೀಗೆಯೇ ಹೋದರು.

ರಾಜೇಸಾಬ ಕೈ ಮುಗಿದ. “ನಾಳಿ ಶಿರೋಳದ ಗೌಡ್ರು ಬರ್ತಾರ. ಕಾಗದಕ್ಕ ಸಹಿ ಹಾಕಾಕ ನೀವು ಬರಬೇಕು, ಖರೆ. ಆದ್ರ ಬಾಯಾಗ ಎಲಿಅಡಿಕಿ ಹಾಕ್ಕೊಂಡು ಸುಮ್ನ ನಿಂದರ್ರಿ.” ಮನೆಯಲ್ಲಿ ಇವಳೂ “ನನ್ನಾಣಿ, ಒಂದು ಮಾತು ಆಡಬ್ಯಾಡ್ರಿ” ಎಂದು ತಾನೇ ಎಲೆ ಮಡಚಿಕೊಟ್ಟಳು.

ಗೌಡರು ನಮ್ಮ ಅಂಗಡಿಯ ಹಳೆಯ ಗಿರಾಕಿ. ಮೂರು ಮಕ್ಕಳ ಮದುವೆಯ ಜವಳಿ ನಮ್ಮಲ್ಲಿಯೇ ತೆಗೆದವರು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಲೋಡಿಗೆ ಒರಗಿ, ಸುಖದಿಂದ ಅರೆಗಣ್ಣು ಮಾಡಿದರು. ಆಮೇಲೆ ನನ್ನನ್ನೇ ನೋಡಿದರು.

“ಸಾವಕಾರ್ರ, ಗಾಡಿ ಹ್ಯಾಂಗೈತ್ರಿ?”

ನಾನು ಎಲೆ ಜಗಿದೆ.

“ಏನಾರ ಐಬ ಐತೇನ್ರಿ?”

ಮತ್ತೂ ಜಗಿದೆ. ಗೌಡರು ಸರಕ್ಕನೆ ಇಳಿದು ಚಪ್ಪಲಿ ಮೆಟ್ಟಿದರು. “ಬ್ಯಾಡಪಾ ರಾಜೇಸಾಬ. ಈ ಮನಶಾ ಇಷ್ಟು ವರ್ಷದಾಗ ಒಂದು ಕರವಸ್ತ್ರಾನೂ ಸುಮ್ನ ಮಾರಿಲ್ಲ. ಇವತ್ತ ಬಾಯಿ ಬಿಡವಲ್ಲ ಅಂದ್ರ, ಬಾಯಿಲೆ ಹೇಳಾಕ ಬರಲಾರದಂಥಾದ್ದು ಏನೋ ಆಗೇತಿ ಇದ್ರಾಗ!”

ರಾಜೇಸಾಬ ನನ್ನ ಭುಜ ಹಿಡಿದು ಅಲುಗಿಸಿದ. “ಉಗುಳ್ರಿ ಸಾವಕಾರ್ರ! ಲಗೂ ಉಗುಳಿ ಎಲ್ಲಾ ಹೇಳಿಬಿಡ್ರಿ!”

ಉಗುಳಿದೆ. ಬಾಗಿಲು, ವೈಪರು, ಡೀಸೆಲ್ಲು, ಬೇಸಿಗೆಯಲ್ಲಿ ಬಿಸಿ ಗಾಳಿ ಊದುವ ಏಸಿ, ಅವ್ವ ಉಪ್ಪಿನಕಾಯಿ ಚೆಲ್ಲಿದ ಗಾದಿಯ ಮೂಲೆ, ಒಂದನ್ನೂ ಬಿಡದೆ ತೋರಿಸಿದೆ. ಹೇಳುತ್ತಾ ಹೋದಂತೆ ಗೌಡರ ಮುಖ ಅರಳುತ್ತಾ ಬಂತು. “ಇಷ್ಟs ಹೌದಲ್ರಿ? ಮತ್ತ ಮೊದಲs ಹೇಳಾಕ ಏನಾಗಿತ್ತು!” ಆ ಸಂಜೆಯೇ ಗಾಡಿ, ಲೋಡುಗಳ ಸಮೇತ, ಶಿರೋಳಕ್ಕೆ ಹೋಯಿತು.

ವಾರದೊಳಗೆ ಸಣ್ಣ ಕಾರು ಬಂತು. ನನ್ನಾಕೆ ಯಾರ ಕೈಯನ್ನೂ ಹಿಡಿಯದೆ ಹತ್ತಿ ಕುಳಿತು ಬಾಗಿಲು ಹಾಕಿಕೊಂಡಳು. ಇಳಿದಳು. ಖುಷಿಗೆ ಮತ್ತೊಮ್ಮೆ ಹತ್ತಿದಳು. ಕುಬಸವಾಗಿದ್ದ ಹುಡುಗಿಗೆ ಹುಟ್ಟಿದ ಕೂಸಿನ ತೊಟ್ಟಿಲಿಗೆಂದು ರೋಣದ ದಾರಿ ಹಿಡಿದೆವು. ನನ್ನದು ಆರಡಿ ದೇಹ. ಮೊಣಕಾಲು ಸ್ಟೀರಿಂಗಿನ ಎರಡೂ ಬದಿಗೆ ಬಂದಿದ್ದವು. ಪ್ರತಿ ತಗ್ಗಿಗೂ ತಲೆ ಟಾಪಿಗೆ ಬಡಿದು ಬಾಯಿಂದ ದೇವರ ಹೆಸರು ಹೊರಡುತ್ತಿತ್ತು. ಅವಳು ಹೊರಗೆ ಜೋಳದ ಹೊಲ ನೋಡುತ್ತಾ, “ಹ್ಯಾಂಗೈತ್ರಿ ಗಾಡಿ? ಖರೇ ಹೇಳ್ರಿ” ಎಂದಳು.

“ಭಾಳ ಚಲೋ ಐತಿ” ಎಂದೆ.

ಅವಳು ಚೀಲದಿಂದ ಟವೆಲ್ ತೆಗೆದು, ನಾಲ್ಕು ಮಡಿಕೆ ಮಾಡಿ, ನನ್ನ ತಲೆಯ ಮೇಲಿಟ್ಟಳು. “ಸುಮ್ನ ನಡಸ್ರಿ. ನಿಮಗ ಸುಳ್ಳು ಹೇಳಾಕ ಬರಂಗಿಲ್ಲ.”

ರೋಣ ಮುಟ್ಟುವವರೆಗೆ ನಾನು ತಲೆ ಎತ್ತಲಿಲ್ಲ. ಎತ್ತಲು ಜಾಗವೂ ಇರಲಿಲ್ಲ.