ಇಳಿದ ಮುಳ್ಳು

ಅಜೀತನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದೇ ತಪ್ಪಾಯಿತು.

ಬೆಳಗ್ಗೆ ಹುಮನಾಬಾದ್ ಬಳಿಯ ಹುಡಗಿ ಎಂಬ ಊರಿನಿಂದ ಸಂಘರತ್ನ ಫೋನ್ ಮಾಡಿದ್ದ. ಅವನ ತಾಯಿ ಸುಮನಬಾಯಿ ತೀರಿಕೊಂಡಿದ್ದಳು. ಬಸವಕಲ್ಯಾಣದ ಧಮ್ಮಪಾಲನಿಗೆ ಆಕೆ ಬರೀ ಚಿಕ್ಕಮ್ಮನಲ್ಲ. ತಾಯಿಯಿಲ್ಲದ ಅವನನ್ನೂ ತಂಗಿ ಸ್ನೇಹಲಳನ್ನೂ ಉಣಿಸಿ ಬೆಳೆಸಿದವಳು.

“ಲಗೂ ಬಾ ಅಣ್ಣ. ನೀ ಮಾರಿ ನೋಡೋತನಕ ಮಣ್ಣು ಮಾಡಂಗಿಲ್ಲ” ಎಂದಿದ್ದ ಸಂಘರತ್ನ.

ಧಮ್ಮಪಾಲ ತನ್ನ ಹಳೆಯ ಜೀಪು ತೆಗೆದ. ಹಿಂದೆ ಸ್ನೇಹಲ, ನೆರೆಮನೆಯ ಮುದುಕಿ ಕಮಳಾಬಾಯಿ. ಮುಂದೆ, ಯಾರೂ ಕರೆಯದಿದ್ದರೂ, ಎದುರುಮನೆಯ ಅಜೀತ. ಮೊಬೈಲ್ ರಿಪೇರಿ ಅಂಗಡಿಯ ಅಜೀತನಿಗೆ ಕೆಡುವಂಥದ್ದೆಲ್ಲದರ ರಿಪೇರಿ ತನಗೆ ಗೊತ್ತೆಂಬ ನಂಬಿಕೆ. ಸಾವಿನ ಮನೆಗೂ ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೊರಟಿದ್ದ.

ಊರು ದಾಟುತ್ತಲೇ ಅವನು ಡ್ಯಾಶ್‌ಬೋರ್ಡಿಗೆ ಮೂಗು ಹಚ್ಚಿ ಕೂಗಿದ: “ಏ ಧಮ್ಮಪಾಲ, ಆಯಿಲ್ ಪ್ರೆಶರ್ ಮುಳ್ಳು ಬೀಳಾಕತ್ತದ! ಹೊರಡುವಾಗ ಎಷ್ಟು ಮ್ಯಾಲ ಇತ್ತು!”

“ಇಳೀಲೇಬೇಕು ಅಜೀತಣ್ಣ. ಎಂಜಿನ್ ಥಂಡಾ ಇದ್ದಾಗ ಆಯಿಲ್ ದಪ್ಪ ಇರ್ತದ, ಪ್ರೆಶರ್ ಜಾಸ್ತಿ. ಗರಮ್ ಆದ್ರ ತೆಳ್ಳಗ ಆಗ್ತದ, ಮುಳ್ಳು ಇಳೀತದ. ನೋಡ್ರಿ, ಎಕ್ಸಲೇಟರ್ ಒತ್ತಿದ್ರ ಏರ್ತದ.”

ಒತ್ತಿದ. ಏರಿತು. ಅಜೀತನ ಮುಖ ಮಾತ್ರ ಇಳಿದೇ ಇತ್ತು.

“ಪ್ರೆಶರ್ ಇಳಿಯೋದು ಸಣ್ಣ ಮಾತಲ್ಲಪ್ಪ” ಎಂದಳು ಕಮಳಾಬಾಯಿ. “ನಮ್ಮ ಮನಿಯವ್ರಿಗೂ ಹಿಂಗೇ ಇಳೀತು. ಅಲ್ಲೇ ಖತಮ್.”

ರಾಜೇಶ್ವರದಲ್ಲಿ ಹೂಮಾಲೆ ಕೊಳ್ಳಲು ಧಮ್ಮಪಾಲ ಇಳಿದ. ತಿರುಗಿ ಬರುವಷ್ಟರಲ್ಲಿ ಅಜೀತ ಬಾನೆಟ್ ಮುಚ್ಚಿ ಕೈ ಒರೆಸಿಕೊಳ್ಳುತ್ತಿದ್ದ.

“ಹಿಂದ ಆಯಿಲ್ ಕ್ಯಾನ್ ಇತ್ತಲ್ಲ? ಪೂರಾ ಹಾಕೀನಿ.”

“ಯಾಕ್ರೀ ಹಾಕಿದ್ರಿ? ಮುಂಜಾನೆ ನೋಡೀನಿ, ಭರ್ತಿ ಇತ್ತು!”

“ಹೆಚ್ಚಾದ್ರ ಏನಾಗ್ತದ? ಕಡಿಮಿ ಆಗಬಾರ್ದು.”

ಅಷ್ಟರಲ್ಲಿ ಸಂಘರತ್ನನ ಫೋನು: “ಬಿಸಿಲು ಭಾಳ ಅದ ಅಣ್ಣ. ಮಂದಿ ಗಡಿಬಿಡಿ ಮಾಡಾಕತ್ತಾರ.” ಇನ್ನು ಸ್ವಲ್ಪವೇ ದೂರವೆಂದು ಧಮ್ಮಪಾಲ ಹೊರಟುಬಿಟ್ಟ.

ಹೆಚ್ಚಾದ ಆಯಿಲು ಎಂಜಿನ್ನಿನೊಳಗೆ ಮಜ್ಜಿಗೆ ಕಡೆದಂತಾಗಿ ನೊರೆಯಾಯಿತು. ಹಿಂದೆ ಹೊಗೆ ಎದ್ದಿತು. ಮುಳ್ಳು ಒಮ್ಮೆ ನಡುಗಿ ಸೊನ್ನೆಗೆ ಬಿತ್ತು. ಕೆಂಪು ದೀಪ ಹತ್ತಿತು. ಧಮ್ಮಪಾಲ ಗಕ್ಕನೆ ನಿಲ್ಲಿಸಿದ.

“ಯಾಕ ನಿಂತಿ? ಗರಮ್ ಆದ್ರ ಇಳೀತದಂತ ನೀನೇ ಹೇಳಿದಿ. ನಡಿ, ನಡಿ!” ಎಂದ ಅಜೀತ.

ಹುಮನಾಬಾದಿನ ಕಡೆಗೆ ಹೊರಟಿದ್ದ ವ್ಯಾನೊಂದು ನಿಂತಿತು. ಮೂರೇ ಮಂದಿಗೆ ಜಾಗ. ಹೆಂಗಸರು ಹತ್ತುವ ಮೊದಲೇ ಅಜೀತ ಕೂತಾಗಿತ್ತು.

“ಸ್ನೇಹಲ, ಆಯಿಲ್ ತೆಗದು ಬೆನ್ನಿಗೇ ಬರ್ತೀನಿ. ನಾ ಬರೋತನಕ ತಡೀರಿ ಅಂತ ಹೇಳವ್ವ” ಎಂದ ಧಮ್ಮಪಾಲ. ಅವನ ಫೋನಿದ್ದ ಚೀಲವೂ ಹೂಮಾಲೆಯ ಜೊತೆ ವ್ಯಾನು ಹತ್ತಿ ಹೋದದ್ದು ಆಮೇಲೆ ತಿಳಿಯಿತು.

ಜೀಪಿನ ಕೆಳಗೆ ನುಗ್ಗಿ ತಳದ ಬೋಲ್ಟು ಸಡಿಲಿಸಿದ. ಕುದಿಯುವ ಆಯಿಲು ಮೊಣಕೈತನಕ ಸುಟ್ಟಿತು. ಹೆಚ್ಚಾದದ್ದು ಹರಿದೊಡನೆ ಬೋಲ್ಟು ಬಿಗಿದ. ನೊರೆ ಇಳಿದ ಮೇಲೆ ಎಂಜಿನ್ ಏನೂ ಆಗದಂತೆ ಚಾಲೂ ಆಯಿತು. ಅಳುತ್ತ, ಬೈಯುತ್ತ, ಗಾಡಿ ಓಡಿಸಿದ.

ಹುಡಗಿಯ ದಾರಿಯಲ್ಲಿ ಸ್ಮಶಾನದಿಂದ ಮರಳುತ್ತಿದ್ದ, ಸಲಿಕೆ ಹೊತ್ತ ಮಂದಿ ಎದುರಾದರು. ಸಂಘರತ್ನ ಅವನನ್ನು ನೋಡಿ ಬೆಚ್ಚಿದ.

“ಅಣ್ಣ! ನೀ ಬರಂಗಿಲ್ಲ ಅಂದ್ರಲ್ಲ?”

“ಯಾರು ಅಂದ್ರು?”

ಅಜೀತ ಮುಂದೆ ಬಂದು ಹೆಗಲ ಮೇಲೆ ಕೈಯಿಟ್ಟ. “ಸ್ನೇಹಲ ಒಂದೇ ಸಮ ತಡೀರಿ, ತಡೀರಿ ಅಂತಿದ್ಳು. ನಾನೇ ತಿಳಿಸಿ ಹೇಳಿದೆ. ಎಂಜಿನ್ ಪೂರಾ ಖಲಾಸ್, ಅಂವ ಇವತ್ತು ಬರಂಗಿಲ್ಲ, ಪಾಪ ಮುದುಕೀನ್ನ ಬಿಸಿಲಾಗ ಇಡಬ್ಯಾಡ್ರಿ ಅಂತ.”

ಧಮ್ಮಪಾಲ ಸೀದಾ ಸ್ಮಶಾನಕ್ಕೆ ನಡೆದ. ಚಿಕ್ಕಮ್ಮನನ್ನು ಮಣ್ಣು ಮಾಡಿದ ಹಸಿ ದಿಬ್ಬದ ಬಳಿ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ತೆಗೆದ. ಆಯಿಲು ಮೆತ್ತಿದ ಅಂಗೈಗೆ ಅಂಟಿದ ಮಣ್ಣು ಎಷ್ಟು ಕೊಡವಿದರೂ ಅವಳ ಮೇಲೆ ಬೀಳಲಿಲ್ಲ.

ಹಿಂದೆಯೇ ಬಂದಿದ್ದ ಅಜೀತ ಸಮಾಧಾನದ ದನಿಯಲ್ಲಿ ಹೇಳಿದ: “ಜೀಪು ಚಾಲೂ ಆತಲ್ಲ, ಛಲೋ ಆತು. ನಾ ಆಯಿಲ್ ಹಾಕಿದ್ದು ಉಪಯೋಗಕ್ಕ ಬಂತು ನೋಡು.”